ಬೂಷ್ಟಿಗೆ ಬೂಷ್ಟೇ ಮದ್ದು

ಮಳೆಗೆ ನೆನೆದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಇದು ನಮಗೆಲ್ಲ ಗೊತ್ತು. “ಬೂಷ್ಟು ಹಿಡಿದ್ರೆ ಏನಾಯ್ತು? ಒಣಗಿಸಿ ಹಿಟ್ಟು ಮಾಡಿದ್ರೆ ಆಯ್ತು” ಅನ್ನುತ್ತೇವೆ. ಬೆವರು ಸುರಿಸಿ ಬೆಳೆದ ಕಾಳು. ಬಿಸಾಡಲು ಮನಸ್ಸು ಬರುವುದಿಲ್ಲ.

ಆದರೆ ಕೆಲವು ಬೂಷ್ಟು ವಿಷ ಮಾಡುತ್ತವೆ. ಮೆಕ್ಕೆಜೋಳದ ಮೇಲೆ ಬರುವ ಹಳದಿ-ಹಸಿರು ಬೂಷ್ಟು ಅಂಥದ್ದು. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಅದು ಕಣ್ಣಿಗೆ ಕಾಣುವುದಿಲ್ಲ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹೊಟ್ಟೆಗೆ ಹೋದರೆ ಲಿವರ್ ಕೆಡಿಸುತ್ತದೆ. ಕಾಮಾಲೆ ಬರುತ್ತದೆ.

1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಹೀಗೇ ಆಯಿತು. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿನ ನಾಯಿಗಳೂ ಸತ್ತವು.

ಕೀನ್ಯಾದಲ್ಲಿ ಏನಾಯಿತು?

ಕೀನ್ಯಾ ಆಫ್ರಿಕಾದ ಒಂದು ದೇಶ. ಅಲ್ಲಿನವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಉಗಾಲಿ ಮಾಡುತ್ತಾರೆ. ಅದು ನಮ್ಮ ಮುದ್ದೆಯ ಹಾಗೆ. 2004ರಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂತು. ಜನ ಹಸಿ ಕಾಳನ್ನೇ ಮನೆಯಲ್ಲಿ ತುಂಬಿಟ್ಟರು. ಅದನ್ನೇ ತಿಂದರು. 317 ಜನ ಕಾಯಿಲೆ ಬಿದ್ದರು. ಅವರಲ್ಲಿ 125 ಜನ ಸತ್ತರು.

ಒಳ್ಳೆಯ ಬೂಷ್ಟು

ವಿಷದ ಬೂಷ್ಟು ಮಣ್ಣಿನಲ್ಲಿ ಇರುತ್ತದೆ. ಗಾಳಿಯಲ್ಲಿ ಹಾರಿ ತೆನೆ ಸೇರುತ್ತದೆ. ಅದೇ ಮಣ್ಣಿನಲ್ಲಿ ಅದರ ದಾಯಾದಿಗಳೂ ಇವೆ. ನೋಡಲು ಒಂದೇ ಥರ. ಆದರೆ ಇವು ವಿಷ ಮಾಡುವುದಿಲ್ಲ.

ವಿಜ್ಞಾನಿಗಳು ಕೀನ್ಯಾದಲ್ಲೇ ಇಂಥ ನಾಲ್ಕು ತಳಿ ಹುಡುಕಿದರು. ಹುರಿದ ಜೋಳದ ಕಾಳಿಗೆ ಅವನ್ನು ಲೇಪಿಸಿದರು. ಹುರಿದ ಕಾಳು ಮೊಳೆಯುವುದಿಲ್ಲ. ಅದು ಬೂಷ್ಟಿಗೆ ಬುತ್ತಿ ಅಷ್ಟೇ. ಈ ಮದ್ದಿನ ಹೆಸರು ಅಫ್ಲಾಸೇಫ್. 2015ರಲ್ಲಿ ಕೀನ್ಯಾ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಬೆಳೆ ಹೂ ಬಿಡುವುದಕ್ಕೆ 2-3 ವಾರ ಮೊದಲು ರೈತರು ಇದನ್ನು ಹೊಲದಲ್ಲಿ ಎರಚುತ್ತಾರೆ. ಎಕರೆಗೆ 4 ಕಿಲೋ ಸಾಕು. ನೆಲ ತೇವ ಇರಬೇಕು. ಆಗ ಒಳ್ಳೆಯ ಬೂಷ್ಟು ಬೆಳೆದು ಹರಡುತ್ತದೆ.

ಬಸ್ಸಿನಲ್ಲಿ ನಾವು ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಇದೂ ಹಾಗೆಯೇ. ಒಳ್ಳೆಯ ಬೂಷ್ಟು ಮೊದಲೇ ಜಾಗ ಹಿಡಿಯುತ್ತದೆ. ಆಮೇಲೆ ಬಂದ ವಿಷದ ಬೂಷ್ಟಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಹೀಗೆ ಮಾಡಿದ ಹೊಲಗಳ ಕಾಳಿನಲ್ಲಿ ವಿಷ ನೂರಕ್ಕೆ 80 ಪಾಲಿಗೂ ಮೀರಿ ಇಳಿದಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗಾಯಿತು.

ಒಂದು ದೇಶದ ಮದ್ದನ್ನು ಇನ್ನೊಂದು ದೇಶಕ್ಕೆ ತಂದು ಸುಮ್ಮನೆ ಎರಚುವುದಿಲ್ಲ. ಆಯಾ ಮಣ್ಣಿನ ಬೂಷ್ಟನ್ನೇ ಆರಿಸಿ, ಪರೀಕ್ಷೆ ಮಾಡಿ ಬಳಸುತ್ತಾರೆ.

ನಾವು ಏನು ಮಾಡಬೇಕು?

ಮನೆಯ ಕಾಳಿನ ಬೂಷ್ಟು ಒಳ್ಳೆಯದೋ ಕೆಟ್ಟದ್ದೋ, ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ ಬೂಷ್ಟು ಹಿಡಿದ ಕಾಳು ತಿನ್ನುವುದೇ ಬೇಡ. ಒಳ್ಳೆಯ ಬೂಷ್ಟು ಎರಚಿದವರೂ ಕಾಳು ಒಣಗಿಸಲೇಬೇಕು.

ತೆನೆಯನ್ನು ಬರಿ ನೆಲಕ್ಕೆ ಹಾಕದೆ ಟಾರ್ಪಾಲ್ ಮೇಲೆ ಒಣಗಿಸೋಣ. ಕಾಳು ಕಡಿದರೆ ‘ಕಟಕ್’ ಅನ್ನಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡೋಣ.

ಬೂಷ್ಟು ಹಿಡಿದದ್ದನ್ನು ದನಕ್ಕೂ ಹಾಕಬಾರದು. ವಿಷ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳೇ.

ಒಂದು ಚೀಲ ಕಾಳು ಹೋದರೆ ಮುಂದಿನ ವರ್ಷ ಬೆಳೆಯಬಹುದು. ಮನೆಯವರ ಜೀವ ಹೋದರೆ?