ಬಿ.ಎಚ್. ರಸ್ತೆಯ ಕೊನೆಗೆ ಕಡಲು, ಗಾಳ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ತೆಂಗು. ಒಂದು ಕಡೆ ಚಿಕ್ಕನಾಯಕನಹಳ್ಳಿ, ಇನ್ನೊಂದು ಕಡೆ ತುರುವೇಕೆರೆ, ಪಡುವಲಿಗೆ ತಿಪಟೂರು. ಕಡಲಿನ ಗಾಳಿಯೂ ಸೋಕದ ಸೀಮೆ ಇದು. ಆದರೂ ತಿಪಟೂರಿನ ಕಡೆ ಹೋಗುವ ಈ ದಾರಿ ಹಳೆಯ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ತಿಪಟೂರು, ಶಿವಮೊಗ್ಗದ ಪೇಟೆಗಳಲ್ಲಿ ಜನ ದಿನಬೆಳಗಾದರೆ ‘ಬಿ.ಎಚ್. ರೋಡ್’ ಎನ್ನುವುದು ಇದನ್ನೇ. ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ, ಸಿಂಗಳೀಕಗಳಿರುವ ಗೇರುಸೊಪ್ಪೆ ಘಟ್ಟ ಇಳಿದರೆ, ಸುಮಾರು 300 ಕಿ.ಮೀ. ಆಚೆ ರಸ್ತೆ ಹೊನ್ನಾವರದಲ್ಲಿ ಮುಗಿಯುತ್ತದೆ. ಅಲ್ಲಿ ಶರಾವತಿ ಕಡಲು ಸೇರುತ್ತಾಳೆ.

ಜೋಗ, ಮುರ್ಡೇಶ್ವರ, ಇಡಗುಂಜಿ ಎಂದು ಪಟ್ಟಿ ಹಿಡಿದು ಹೊರಡುವ ನಮ್ಮ ಕಡೆಯವರು ಹೊನ್ನಾವರವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಇದು ಸಾಮಾನ್ಯ ಊರಲ್ಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಕೆಳದಿ ನಾಯಕರ ಕೋಟೆಯಿರುವ ಬಸವರಾಜ ದುರ್ಗ ದ್ವೀಪ ಇಲ್ಲಿನ ಕಡಲಲ್ಲಿದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆಯೂ ಇಲ್ಲಿನ ಶರಾವತಿಯ ಮೇಲೆಯೇ ಇದೆ. ಎರಡು ಕಿಲೋಮೀಟರಿಗೂ ಉದ್ದ.

ಇಷ್ಟೆಲ್ಲ ಇದ್ದರೂ ನನಗೆ ಪ್ರಿಯವಾದದ್ದು ನದಿಯ ತೆಂಕಣ ದಂಡೆಯ ಕಾಸರಕೋಡು. ಅದರಲ್ಲೂ ಅಳಿವೆಗೆ ಅಂಟಿಕೊಂಡಿರುವ ಟೊಂಕ. ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಗಾಳ ಹಾಕುವವರು ಅಳಿವೆಯ ಕಡೆ ನಡೆಯುತ್ತಾರೆ. ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬನ ಮನೆ ಇಲ್ಲೇ. ಚಳಿಗಾಲದಲ್ಲಿ ಬಿಡುವಾದಾಗ ನಾವಿಬ್ಬರೂ ದಂಡೆಯಲ್ಲಿ ಕೂರುತ್ತೇವೆ.

ಅವನು ಕತ್ತಲಿರುವಾಗಲೇ ಎಬ್ಬಿಸುತ್ತಾನೆ. ರಾತ್ರಿ ನೆಲ ತಣಿದು ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಆಗ ಅಲೆ ತಗ್ಗಿರುತ್ತದೆ, ಎಸೆದ ದಾರ ದೂರ ಹೋಗಿ ಬೀಳುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಮುಖಕ್ಕೇ ಬೀಸುತ್ತದೆ. ಆ ಗಾಳಿ ತಿರುಗುವುದರೊಳಗೆ ಉಬ್ಬರ ಏರುವ ಹೊತ್ತು ಸಿಕ್ಕಿದರೆ ಅದೇ ಒಳ್ಳೆಯ ದಿನ. ಏರುವ ನೀರು ಮರಳನ್ನು ಕದಡಿ ಹುಳ, ಸಣ್ಣ ಸಿಗಡಿಗಳನ್ನು ಎಬ್ಬಿಸುತ್ತದೆ. ಅವನ್ನು ತಿನ್ನಲು ನೊಗಲಿ ದಂಡೆಯ ಹತ್ತಿರಕ್ಕೆ ಬರುತ್ತದೆ. ಮಂಗಳೂರು ಕಡೆ ಇದನ್ನೇ ಕಾಣೆ ಎನ್ನುತ್ತಾರೆ.

ನೊಗಲಿ ಉದ್ದನೆಯ, ತಿಳಿ ಬೆಳ್ಳಿ ಬಣ್ಣದ ಮೀನು. ಬೆದರಿದರೆ ಮರಳೊಳಗೆ ಹೂತುಕೊಳ್ಳುತ್ತದೆ. ಬಾಯಿ ಪುಟ್ಟದು, ಹಾಗಾಗಿ ಗಾಳದ ಕೊಕ್ಕೆಯೂ ಪುಟ್ಟದಿರಬೇಕು. ನಮ್ಮ ಕೆರೆಗಳಲ್ಲಿ ಎರೆಹುಳು ಸಿಕ್ಕಿಸಿ, ಬೆಂಡು ತೇಲಿಬಿಟ್ಟು, ಅದು ಮುಳುಗುವುದನ್ನೇ ನೋಡುತ್ತ ಕೂರುತ್ತೇವೆ. ಅಲೆಯಲ್ಲಿ ಬೆಂಡು ನಡೆಯದು. ಇಲ್ಲಿ ಸೀಸದ ಗುಂಡು ಕಟ್ಟಿ, ಶೆಟ್ಲಿಯ, ಅಂದರೆ ಸಿಗಡಿಯ, ಚೂರು ಸಿಕ್ಕಿಸಿ, ಸುತ್ತಿದ ನೈಲಾನ್ ದಾರವನ್ನು ಬೀಸಿ ಎಸೆದು, ತೋರುಬೆರಳ ಮೇಲೆ ಹಗುರವಾಗಿ ಹಿಡಿದುಕೊಳ್ಳಬೇಕು. ಕಣ್ಣಿನ ಕೆಲಸವನ್ನೆಲ್ಲ ಬೆರಳು ಮಾಡುತ್ತದೆ. ಅಲೆಯ ಎಳೆತ ನಿಧಾನ, ಒಂದೇ ಸಮ. ಮೀನು ಮುಟ್ಟಿದರೆ ಟಕ್ ಟಕ್ ಎಂದು ಎರಡು ಸಲ ಬಡಿದ ಹಾಗಾಗುತ್ತದೆ. ‘ಎಳಿಬೇಡ ಮಾರಾಯ, ತಡಿ, ಇನ್ನೊಂದ್ ಸಲ ಮುಟ್ಲಿ’ ಎಂದು ಗೆಳೆಯ ಪಿಸುಗುಟ್ಟುತ್ತಾನೆ. ಮೂರನೆಯ ಬಡಿತಕ್ಕೆ ಮಣಿಕಟ್ಟು ತಿರುಗಿಸಿದರೆ, ದಾರ ಬಿಗಿಯುತ್ತದೆ.

ಮಧ್ಯಾಹ್ನ ಅವನ ಮನೆಯಲ್ಲಿ ನೊಗಲಿಗೆ ರವೆ ಹಚ್ಚಿ ಹುರಿಯುತ್ತಾರೆ. ಬಂಗುಡೆಯಿದ್ದರೆ ಹಸಿ ತೆಂಗಿನಕಾಯಿ ಅರೆದು, ಮಸಾಲೆಗೆ ಜುಮ್ಮನಕಾಯಿ ಹಾಕಿ ಸಾರು. ನಮ್ಮಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆ ಸೇರುತ್ತದೆ. ಇಲ್ಲಿ ಮರದಿಂದ ಇಳಿದದ್ದು ನೇರ ಒರಳಿಗೆ. ಕೊಬ್ಬರಿ ಸೀಮೆಯವನಾದ ನಾನು ತೆಂಗಿನ ಪೂರ್ತಿ ರುಚಿ ಕಂಡದ್ದು ಈ ಸಾರಿನಲ್ಲಿ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಟೊಂಕದ ಮರಳಿನ ಮೇಲೆ ಗಾಳ ಹಾಕುವವರಿಗಿಂತ ಹೆಚ್ಚಾಗಿ ಕಾಣುವವರು ಮೀನು ಒಣಗಿಸುವ ಹೆಂಗಸರು. ತಾರ್ಲೆ, ಸಣ್ಣ ಸಿಗಡಿ, ಬಂಗುಡೆಗಳನ್ನು ಹರವಿ, ಕಾಗೆ ನಾಯಿ ಓಡಿಸುತ್ತ, ಬಿಸಿಲು ನೋಡಿ ಮಗುಚುತ್ತಾರೆ. ಘಟ್ಟದ ಮೇಲಿನ ಸಂತೆಗಳಲ್ಲಿ ನಾವು ಅಳೆಸಿಕೊಳ್ಳುವ ಒಣಮೀನಿನ ಹಿಂದೆ ಇಂಥ ದಂಡೆಗಳ ದುಡಿಮೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ 61 ದಿನ ಅನೇಕ ಮನೆಗಳಿಗೆ ಒಣಮೀನೇ ಆಧಾರ.

ಈ ದಂಡೆಯಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಯ ವಿರುದ್ಧ ಇಲ್ಲಿನ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಮಾತು ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ನಮ್ಮ ಕೆರೆಗಳಲ್ಲಿ ಮೀನು ಹರಾಜಾಗುತ್ತದೆ; ಗುತ್ತಿಗೆದಾರನನ್ನು ಕೇಳದೆ ಗಾಳ ಇಳಿಸುವ ಹಾಗಿಲ್ಲ. ಕಡಲ ದಂಡೆಗೆ ಇನ್ನೂ ಅಂಥ ಒಡೆಯನಿಲ್ಲ. ಬಲೆ ಬೀಸುವವನು, ಮೀನು ಒಣಗಿಸುವವಳು, 300 ಕಿ.ಮೀ. ದೂರದಿಂದ ಗಾಳ ಹಿಡಿದು ಬಂದ ನಾನು, ಎಲ್ಲರಿಗೂ ಅಲ್ಲಿ ಜಾಗವಿದೆ. ಬಂದರಿನ ಬೇಲಿ ಬಿದ್ದ ಮೇಲೆ ಆ ಜಾಗ ಮರಳಿ ಬರುವುದಿಲ್ಲ.

ಜಾಗವಿರುವುದು ಮನುಷ್ಯರಿಗೆ ಮಾತ್ರವೂ ಅಲ್ಲ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಟೊಂಕದ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬೇಲಿ ಕಟ್ಟಿ ಕಾಯುತ್ತಾರೆ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಅಳಿವೆಯ ಹತ್ತಿರ ನೀರಿಗಿಳಿಯಲೇಬೇಡಿ. ಆಗ ನದಿಯ ಸೆಳೆತವೂ ಕಡಲಿನ ಅಬ್ಬರವೂ ಒಟ್ಟಿಗೇ ಇರುತ್ತವೆ. ಸ್ಥಳೀಯರನ್ನು ಕೇಳಿಯೇ ಗಾಳ ಹಾಕಿ. ತುಂಡಾದ ನೈಲಾನ್ ದಾರವನ್ನು ಮರಳಲ್ಲಿ ಬಿಟ್ಟು ಬರಬೇಡಿ, ಅದು ಆಮೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಜೇಬಿಗೆ ಹಾಕಿಕೊಂಡು ಬನ್ನಿ.