ಜಾವಾಸ್ಕ್ರಿಪ್ಟ್‌ನಿಂದ ಕನ್ನಡ ವಿಕಿಪೀಡಿಯದ ಎಪಿಐ ಬಳಕೆ

ವಿಕಿಪೀಡಿಯದ ಪುಟವನ್ನು ಓದುಗರು ಬ್ರೌಸರ್‌ನಲ್ಲಿ ತೆರೆದು ಓದುತ್ತಾರೆ. ಪ್ರೋಗ್ರಾಂಗಳು ಅದೇ ಮಾಹಿತಿಯನ್ನು ಎಪಿಐ ಮೂಲಕ ಕೇಳಿ ಪಡೆಯುತ್ತವೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ವಿಳಾಸವಿದೆ. ಏನು ಮಾಡಬೇಕು, ಯಾವ ಪುಟದ ಮೇಲೆ, ಉತ್ತರ ಯಾವ ರೂಪದಲ್ಲಿರಬೇಕು ಎಂಬುದನ್ನು ಆ ವಿಳಾಸಕ್ಕೆ ಕಳುಹಿಸಿದರೆ, ಮೆನು, ಬಣ್ಣ, ವಿನ್ಯಾಸ ಯಾವುದೂ ಇಲ್ಲದ ಬರಿಯ ದತ್ತಾಂಶ ಜೇಸನ್ ರೂಪದಲ್ಲಿ ಮರಳಿ ಬರುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಈ ಸೌಲಭ್ಯವಿದೆ. ಒಂದು ವರ್ಗದಲ್ಲಿ ಯಾವ ಯಾವ ಲೇಖನಗಳಿವೆ, ಯಾವುದಕ್ಕೆ ಚಿತ್ರವಿಲ್ಲ, ಯಾವುದನ್ನು ಕೊನೆಯದಾಗಿ ಯಾವಾಗ ತಿದ್ದಲಾಗಿದೆ ಎಂಬುದನ್ನೆಲ್ಲ ಒಂದೊಂದೇ ಪುಟ ತೆರೆದು ನೋಡುವ ಬದಲು ಹೀಗೆ ಒಟ್ಟಾಗಿ ತಿಳಿಯಬಹುದು.

ಈ ಕೆಲಸಕ್ಕೆ ಮೀಡಿಯಾವಿಕಿಯೇ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಕೊಟ್ಟಿದೆ. ಅದರ ಹೆಸರು ಎಂಡಬ್ಲ್ಯು ಡಾಟ್ ಎಪಿಐ. ವಿಕಿಪೀಡಿಯದ ಯಾವುದೇ ಪುಟದಲ್ಲಿ ಬ್ರೌಸರ್‌ನ ಕನ್ಸೋಲ್ ತೆರೆದು ಇದನ್ನು ಲೋಡ್ ಮಾಡಿಕೊಳ್ಳಬಹುದು. ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಉತ್ತರ ತಕ್ಷಣ ಕೈಗೆ ಸಿಗುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಸರ್ವರ್ ಉತ್ತರಿಸುವ ಮೊದಲೇ ಪ್ರೋಗ್ರಾಂನ ಮುಂದಿನ ಸಾಲು ಓಡಿಬಿಡುತ್ತದೆ. ಹೊಸಬರು ಬರೆದ ಪ್ರೋಗ್ರಾಂನಲ್ಲಿ ಪಟ್ಟಿ ಖಾಲಿಯಾಗಿ ಕಾಣುವುದು ಬಹುಮಟ್ಟಿಗೆ ಇದರಿಂದಲೇ. ಲೈಬ್ರರಿ ಕೊಡುವ ಪ್ರಾಮಿಸ್ ಅನ್ನು, ಅಂದರೆ ಮುಂದೆ ಬರಲಿರುವ ಉತ್ತರದ ಭರವಸೆಯನ್ನು, ‘ಅವೇಟ್’ ಪದದೊಂದಿಗೆ ಬಳಸಿದರೆ ಉತ್ತರ ಬರುವವರೆಗೂ ಆ ಸಾಲು ಕಾಯುತ್ತದೆ.

ಲೈಬ್ರರಿಯಿಂದ ನಾಲ್ಕು ಸಾಲು ಉಳಿಯುತ್ತದೆ ಎಂಬುದು ಸಣ್ಣ ಲಾಭ. ದೊಡ್ಡ ಲಾಭವಿರುವುದು ತಪ್ಪುಗಳನ್ನು ಹಿಡಿಯುವುದರಲ್ಲಿ. ಮೀಡಿಯಾವಿಕಿಯ ಎಪಿಐ ಕೋರಿಕೆಯನ್ನು ತಿರಸ್ಕರಿಸಿದಾಗಲೂ ಸಾಮಾನ್ಯವಾಗಿ 200 ಎಂಬ ಯಶಸ್ಸಿನ ಸಂಖ್ಯೆಯನ್ನೇ ಕಳುಹಿಸುತ್ತದೆ. ತಪ್ಪಿನ ವಿವರ ಉತ್ತರದ ಒಳಗಿರುತ್ತದೆ. ಬ್ರೌಸರ್‌ನ ಸಾಮಾನ್ಯ ಫೆಚ್ ಬಳಸಿದವರು ಸಂಖ್ಯೆಯನ್ನಷ್ಟೇ ನೋಡಿದರೆ, ತಿದ್ದಿದ ಪುಟ ಸೇವ್ ಆಗದಿದ್ದರೂ ಆಯಿತೆಂದೇ ನಂಬುತ್ತಾರೆ. ಎಂಡಬ್ಲ್ಯು ಡಾಟ್ ಎಪಿಐ ಆ ಉತ್ತರವನ್ನು ಒಳಹೊಕ್ಕು ನೋಡಿ, ತಪ್ಪಿದ್ದರೆ ತಪ್ಪೆಂದೇ ವರದಿ ಮಾಡುತ್ತದೆ.

ಪುಟವನ್ನು ತಿದ್ದುವಾಗ ಟೋಕನ್ ಬೇಕಾಗುತ್ತದೆ. ಲಾಗಿನ್ ಆಗಿರುವ ಬಳಕೆದಾರರ ಬ್ರೌಸರ್‌ನಿಂದ, ಅವರಿಗೇ ಗೊತ್ತಿಲ್ಲದಂತೆ ಬೇರೊಂದು ಜಾಲತಾಣ ತಿದ್ದುಪಡಿ ಮಾಡಿಸುವುದನ್ನು ಈ ಗುಟ್ಟಿನ ಸಂಕೇತ ತಡೆಯುತ್ತದೆ. ಲೈಬ್ರರಿ ಟೋಕನ್ ತಾನೇ ತರುತ್ತದೆ, ಅದು ಹಳತಾಗಿದ್ದರೆ ಹೊಸದನ್ನು ಪಡೆದು ಮತ್ತೊಮ್ಮೆ ಪ್ರಯತ್ನಿಸುತ್ತದೆ. ತಿದ್ದುಪಡಿಗೆಂದೇ ಇರುವ ಅದರ ಇನ್ನೊಂದು ವಿಧಾನ, ಪುಟವನ್ನು ಓದಿಕೊಂಡ ಆವೃತ್ತಿಯ ಸಮಯವನ್ನೂ ಜೊತೆಗೆ ಕಳುಹಿಸುತ್ತದೆ. ಅಷ್ಟರಲ್ಲಿ ಮತ್ತೊಬ್ಬರು ಅದೇ ಸಾಲನ್ನು ಬದಲಿಸಿದ್ದರೆ ಅವರ ಶ್ರಮ ಅಳಿಸಿಹೋಗದಂತೆ ಸರ್ವರ್ ಈ ಹೊಸ ತಿದ್ದುಪಡಿಯನ್ನು ನಿಲ್ಲಿಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಇಂಗ್ಲಿಷ್ ಕೈಪಿಡಿಗಳು ಅಷ್ಟಾಗಿ ಒತ್ತಿ ಹೇಳದ ಕೆಲವು ಸಂಗತಿಗಳನ್ನು ಗಮನಿಸಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಕ, ನ, ಹಲಂತ, ಮತ್ತೆ ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ 3 ಬೈಟ್, ಒಟ್ಟು 15. ವೆಬ್ ವಿಳಾಸದೊಳಗೆ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿದ ಮೂರು ಅಕ್ಷರಗಳಾಗುವುದರಿಂದ ಈ ಪುಟ್ಟ ಪದ 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಆದ್ದರಿಂದ ಹಲವು ಕನ್ನಡ ಶೀರ್ಷಿಕೆಗಳನ್ನು ಒಟ್ಟಿಗೆ ಕೇಳುವಾಗ ವಿಳಾಸದಲ್ಲಿ ತುರುಕುವ ‘ಗೆಟ್’ ವಿಧಾನಕ್ಕಿಂತ ‘ಪೋಸ್ಟ್’ ವಿಧಾನವೇ ಸುರಕ್ಷಿತ. ಪುಟದ ಶೀರ್ಷಿಕೆಗೆ ಇರುವ 255 ಬೈಟ್‌ಗಳ ಮಿತಿಯೊಳಗೆ ಕನ್ನಡದ 85 ಸಂಕೇತಗಳಷ್ಟೇ ಹಿಡಿಸುತ್ತವೆ. ಉತ್ತರದ ರೂಪದಲ್ಲೂ ವ್ಯತ್ಯಾಸವಿದೆ: ಹಳೆಯ ಮೊದಲನೇ ರೂಪ ಕನ್ನಡ ಅಕ್ಷರಗಳನ್ನು ಅಂಕಿಗಳ ಸಂಕೇತವಾಗಿ ಕಳುಹಿಸಿದರೆ, ಎರಡನೇ ರೂಪ ಅವನ್ನು ಓದಬಲ್ಲ ಕನ್ನಡವಾಗಿಯೇ ಕಳುಹಿಸುತ್ತದೆ. ಕನ್ನಡಕ್ಕೆ ಎರಡನೆಯದನ್ನೇ ಆರಿಸಿಕೊಳ್ಳಬೇಕು.

ದೊಡ್ಡ ಪಟ್ಟಿಗಳು ಒಂದೇ ಸಲಕ್ಕೆ ಬರುವುದಿಲ್ಲ. ವರ್ಗವೊಂದರ ಸದಸ್ಯ ಪುಟಗಳನ್ನು ಕೇಳಿದರೆ, ಬೇರೆ ಸೂಚನೆ ಇಲ್ಲದಿದ್ದಾಗ 10 ಮಾತ್ರ ಸಿಗುತ್ತವೆ. ಸಾಮಾನ್ಯ ಬಳಕೆದಾರರು ಒಮ್ಮೆಗೆ 500ರವರೆಗೆ ಕೇಳಬಹುದು. ಇನ್ನೂ ಉಳಿದಿದ್ದರೆ ಉತ್ತರದ ಜೊತೆ ಮುಂದುವರಿಕೆಯ ಗುರುತೊಂದು ಬರುತ್ತದೆ. ಅದನ್ನು ಮುಂದಿನ ಕೋರಿಕೆಗೆ ಸೇರಿಸಿ, ಗುರುತು ಬರುವುದು ನಿಲ್ಲುವವರೆಗೂ ಕೇಳುತ್ತಿರಬೇಕು. ಎಂಡಬ್ಲ್ಯು ಡಾಟ್ ಎಪಿಐ ಈ ಕೆಲಸವನ್ನು ತಾನಾಗಿ ಮಾಡುವುದಿಲ್ಲ. ಅರ್ಧ ಪಟ್ಟಿಯನ್ನೇ ಪೂರ್ತಿ ಎಂದು ಭಾವಿಸಿ ಎಣಿಕೆ ಹಾಕುವ ಅಪಾಯ ಇರುವುದು ಇಲ್ಲೇ.

ಬ್ರೌಸರ್‌ನ ಹೊರಗೆ, ನೋಡ್ ಜೆಎಸ್‌ನಲ್ಲಿ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಬರೆಯುವವರಿಗೆ ಎಂಡಬ್ಲ್ಯುಎನ್ ಎಂಬ ಲೈಬ್ರರಿ ಇದೆ. ಅದರಲ್ಲಿ ಮುಂದುವರಿಕೆಯ ವ್ಯವಸ್ಥೆ ಸಿದ್ಧವಾಗಿದೆ. ಡೇಟಾಬೇಸ್‌ನ ಪ್ರತಿಗಳು ಮೂಲಕ್ಕಿಂತ 5 ಸೆಕೆಂಡ್‌ಗಿಂತ ಹೆಚ್ಚು ಹಿಂದುಳಿದಿದ್ದರೆ ಬಾಟ್ ತಡೆದು ನಿಲ್ಲಬೇಕೆಂಬ ಶಿಷ್ಟಾಚಾರವನ್ನೂ ಅದು ಪಾಲಿಸುತ್ತದೆ. ಕೋರಿಕೆಗಳನ್ನು ಒಂದಾದ ಮೇಲೊಂದರಂತೆ ಕಳುಹಿಸುವುದು, ಬಾಟ್‌ನ ಹೆಸರು ಮತ್ತು ಅದನ್ನು ನಡೆಸುವವರ ಸಂಪರ್ಕವನ್ನು ಯೂಸರ್ ಏಜೆಂಟ್‌ನಲ್ಲಿ ತಿಳಿಸುವುದು ಬರೆಯುವವರ ಹೊಣೆ. ತಿದ್ದುಪಡಿ ಮಾಡುವ ಪ್ರೋಗ್ರಾಂ ಅನ್ನು ಮೊದಲು ಟೆಸ್ಟ್ ವಿಕಿಪೀಡಿಯದಲ್ಲಿ ಓಡಿಸಿ ನೋಡಬೇಕು; ನಿಜವಾದ ವಿಕಿಯಲ್ಲಿ ಬಾಟ್ ನಡೆಸಲು ಆ ವಿಕಿಯ ಸಮುದಾಯದ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಾಗಿ ಬಾಟ್ ಹಕ್ಕು ಸಿಕ್ಕಿದ ಮೇಲೆ ಪಟ್ಟಿಯ ಮಿತಿ 500ರಿಂದ 5,000ಕ್ಕೆ, ಒಮ್ಮೆಗೆ ಕೇಳಬಹುದಾದ ಶೀರ್ಷಿಕೆಗಳ ಮಿತಿ 50ರಿಂದ 500ಕ್ಕೆ ಏರುತ್ತದೆ.