ಹೆದ್ದಾರಿಯಲ್ಲಿ ಪಾದವಿಹಾರ: ತ್ಯಾಗಿಗಳ ಜೊತೆ ನಡೆಯುವ ಶ್ರಾವಕರು ತಿಳಿದಿರಬೇಕಾದ ಸಂಗತಿಗಳು

ಚಾತುರ್ಮಾಸ ಮುಗಿದ ಮೇಲೆ ನಮ್ಮ ಮುನಿಗಳು, ಮಾತಾಜಿಯವರು ವರ್ಷದ ಉಳಿದ ತಿಂಗಳುಗಳಲ್ಲಿ ಊರಿಂದೂರಿಗೆ ಕಾಲ್ನಡಿಗೆಯಲ್ಲೇ ಸಾಗುತ್ತಾರೆ. ಒಂದು ಕಾಲದಲ್ಲಿ ಈ ದಾರಿಯಲ್ಲಿದ್ದ ಭಯವೆಂದರೆ ಕಾಡುಪ್ರಾಣಿ, ಕಳ್ಳರು, ನೀರಿಲ್ಲದ ಬಯಲು. ಈಗಿನ ಭಯ ಹಿಂದಿನಿಂದ ಬರುವ ವಾಹನ. ಮಲ್ಲವಾದಿಯ ದ್ವಾದಶಾರ ನಯಚಕ್ರವನ್ನು ಸಂಪಾದಿಸಿಕೊಟ್ಟ ಶ್ವೇತಾಂಬರ ವಿದ್ವಾಂಸರಾದ ಮುನಿ ಜಂಬೂವಿಜಯಜಿಯವರು 2009ರ ನವೆಂಬರ್‌ನಲ್ಲಿ ರಾಜಸ್ಥಾನದಲ್ಲಿ ವಿಹಾರ ಮಾಡುತ್ತಿದ್ದಾಗ ವಾಹನ ಬಡಿದು ಕಾಲವಾದರು. ಎಂಬತ್ತು ದಾಟಿದ ಮೇಲೂ ಹಸ್ತಪ್ರತಿಗಳ ಕೆಲಸ ಬಿಡದಿದ್ದ ಅವರ ಜ್ಞಾನ ಆ ಒಂದು ಬೆಳಗಿನಲ್ಲಿ ನಮ್ಮ ಕೈತಪ್ಪಿತು. ಅದಕ್ಕೂ ಮೊದಲು, ಅದರ ನಂತರವೂ ಎಷ್ಟೋ ಸಾಧು ಸಾಧ್ವಿಯರನ್ನು, ಅವರ ಜೊತೆ ಹೊರಟ ಶ್ರಾವಕರನ್ನು ರಸ್ತೆಯಲ್ಲೇ ಕಳೆದುಕೊಂಡಿದ್ದೇವೆ.

ಇದು ನಮ್ಮೊಬ್ಬರದೇ ಸಂಕಟವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, 4,800ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ನಮ್ಮ ಹೆದ್ದಾರಿಗಳು ಕಟ್ಟಿರುವುದು ಎಂಜಿನ್ ಇರುವವರಿಗೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿಯುವ ರೈತನೂ ಕಮಂಡಲು ಹಿಡಿದು ನಡೆಯುವ ಮುನಿಯೂ ಅಲ್ಲಿ ಲೆಕ್ಕಕ್ಕೆ ಸಿಗದವರು.

ಹಾಗಾದರೆ ಮುನಿಗಳು ರಸ್ತೆ ಬಿಟ್ಟು ಪಕ್ಕದ ಮಣ್ಣಿನಲ್ಲಿ ನಡೆಯಬಾರದೇ ಎಂದು ಅನೇಕರು ಕೇಳುತ್ತಾರೆ. ಈರ್ಯಾ ಸಮಿತಿ ಎಂದರೇನೆಂದು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಸೂರ್ಯನ ಬೆಳಕಿನಲ್ಲಿ, ಜನ ದನ ಓಡಾಡಿ ಪ್ರಾಸುಕವಾದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಿಗೂ ಪೆಟ್ಟಾಗದಂತೆ ನಡೆಯಬೇಕು. ರಸ್ತೆಯ ಅಂಚಿನಲ್ಲಿ ಹಸಿರು ಹುಲ್ಲಿರುತ್ತದೆ, ಇರುವೆ ಸಾಲಿರುತ್ತದೆ. ಅವರು ಅಲ್ಲಿ ಕಾಲಿಡಲಾರರು. ಹುಲ್ಲಿಲ್ಲದ ಕಡೆ ಜಲ್ಲಿ, ಒಡೆದ ಬಾಟಲಿ, ಮುಳ್ಳು, ಕಾಲಿಗೆ ಚಪ್ಪಲಿಯಿಲ್ಲ. ಬಿಸಿಲೇರಿದಾಗ ಕಾದ ಡಾಂಬರಿಗಿಂತ ಬಿಳಿ ಪಟ್ಟಿ ಸ್ವಲ್ಪ ತಣ್ಣಗಿರುವುದರಿಂದ ಪಾದಗಳು ಅದರ ಮೇಲೇ ಸಾಗುತ್ತವೆ. ಹೀಗೆ ಅವರು ವಾಹನದ ದಾರಿಗೆ ಬಂದುಬಿಡುತ್ತಾರೆ, ಅದೂ ಕಣ್ಣು ನೆಲದ ಮೇಲೆ ನೆಟ್ಟು. ಹಿಂದೆ ಮುಂದೆ ಬರುವ ವಾಹನದ ಮೇಲೆ ಕಣ್ಣಿಡಬೇಕಾದವರು ಜೊತೆಗಿರುವ ನಾವು.

ಇದೇ ಸಮಿತಿಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ನಾವು ಸುಲಭವಾಗಿ ಮರೆಯುತ್ತೇವೆ: ಬೆಳಕಿನಲ್ಲಿ ನಡೆಯಬೇಕು. ಜೀವದಯೆಗಾಗಿ ಹಿರಿಯರು ಇಟ್ಟ ಈ ನಿಯಮವೇ ಇಂದು ನಡೆಯುವವರ ಜೀವವನ್ನೂ ಕಾಯಬಲ್ಲದು. ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು, ಬ್ರೇಕ್ ತುಳಿದು, ವಾಹನ ನಿಲ್ಲುವ ಹೊತ್ತಿಗೆ ಒಣ ರಸ್ತೆಯಲ್ಲೇ 60ರಿಂದ 70 ಮೀಟರ್ ಕಳೆದಿರುತ್ತದೆ. ತುಂಬಿದ ಲಾರಿಗೆ ಇನ್ನೂ ಹೆಚ್ಚು ಬೇಕು. ಕತ್ತಲಲ್ಲಿ ಡಿಮ್ ಲೈಟಿಗೆ ಮಂದ ಬಣ್ಣದ ಬಟ್ಟೆಯ ಮನುಷ್ಯ ಕಾಣಿಸುವುದೇ ಅದಕ್ಕಿಂತ ಹತ್ತಿರ ಬಂದಾಗ. ಅಂದರೆ ಚಾಲಕ ಎಷ್ಟೇ ಒಳ್ಳೆಯವನಾದರೂ ಬ್ರೇಕ್ ಸಾಲುವುದಿಲ್ಲ. ರಾತ್ರಿಯಿಡೀ ಗಾಡಿ ಓಡಿಸಿದವನ ಕಣ್ಣು ಎಳೆಯುವುದೂ ಬೆಳಗಿನ ಜಾವದಲ್ಲೇ.

ಆದರೂ ನಾಲ್ಕೂವರೆಗೆ, ಐದಕ್ಕೆ ವಿಹಾರ ಹೊರಡುವುದು ಏಕೆ? ಬಿಸಿಲು ಒಂದು ಕಾರಣ, ಒಪ್ಪೋಣ. ಇನ್ನೊಂದು ಕಾರಣ ನಮ್ಮ ಕಾರ್ಯಕ್ರಮ ಪಟ್ಟಿ. ಇಂಥ ದಿನ ಎಂಟು ಗಂಟೆಗೆ ಪುರಪ್ರವೇಶ, ವಾದ್ಯದವರಿಗೆ ಹೇಳಿಯಾಗಿದೆ, ಬ್ಯಾನರ್ ಕಟ್ಟಿಯಾಗಿದೆ. ಹಿಂದಿನ ಮುಕ್ಕಾಂ 18 ಕಿ.ಮೀ. ದೂರ. ಆಗ ಕತ್ತಲಲ್ಲೇ ಹೊರಡದೆ ಗತಿಯಿಲ್ಲ. ವಿಹಾರದ ಸಮಯವನ್ನು ಮುನಿಸಂಘ ನಿರ್ಧರಿಸುತ್ತದೆ ಎಂದು ನಾವು ಹೇಳುತ್ತೇವೆ. ಎಷ್ಟೋ ಸಲ ಅದನ್ನು ಮೊದಲೇ ನಿರ್ಧರಿಸಿಬಿಟ್ಟಿರುವುದು ನಮ್ಮ ಆಮಂತ್ರಣ ಪತ್ರಿಕೆ. ನಡುವೆ 8–10 ಕಿ.ಮೀ.ಗೊಂದು ಶಾಲೆಯೋ ಸಮುದಾಯ ಭವನವೋ ಪರಿಚಿತರ ತೋಟದ ಮನೆಯೋ ಗೊತ್ತುಮಾಡಿ, ಆಹಾರದ ಚೌಕ ಅಲ್ಲಿಗೇ ಒಯ್ದರೆ ಸೂರ್ಯ ಹುಟ್ಟಿದ ಮೇಲೆ ಹೊರಡಬಹುದು. ಪುರಪ್ರವೇಶ ಮರುದಿನವಾದರೂ ಊರಿಗೇನೂ ನಷ್ಟವಿಲ್ಲ. ಸಂಜೆಯ ವಿಹಾರಕ್ಕೂ ಇದೇ ಮಾತು: ದೇಶದಲ್ಲಿ ಅತಿ ಹೆಚ್ಚು ಅಪಘಾತಗಳಾಗುವುದು ಸಂಜೆ 6ರಿಂದ 9ರ ನಡುವೆ. ಹಾಗಾಗಿ ಸೂರ್ಯಾಸ್ತಕ್ಕೆ ಮುಂಚೆಯೇ ಮುಕ್ಕಾಂ ಸೇರುವಂತಿರಬೇಕು.

ಇನ್ನು ಯಾವ ಬದಿಯಲ್ಲಿ ನಡೆಯಬೇಕು? ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಬಲಬದಿಯಲ್ಲಿರಬೇಕು, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ. ಸೈಕಲ್‌ನವರದು ಇದಕ್ಕೆ ತದ್ವಿರುದ್ಧ. ಅವರು ವಾಹನಗಳು ಹೋಗುವ ದಿಕ್ಕಿನಲ್ಲೇ ಎಡ ಅಂಚಿನಲ್ಲಿ ಹೋಗಬೇಕು. ವಿಹಾರದ ಜೊತೆ ಧ್ವಜ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಡುವ ಹುಡುಗರು ಈ ವ್ಯತ್ಯಾಸ ತಿಳಿಯದೆ ಗುಂಪಿನ ಪಕ್ಕದಲ್ಲೇ ವಾಹನಗಳಿಗೆ ಎದುರಾಗಿ ತುಳಿಯುತ್ತಾರೆ. ಅವರಿಗೆ ಮನೆಯಲ್ಲೇ ಹೇಳಿ ಕಳುಹಿಸಬೇಕು. ನಿಪ್ಪಾಣಿ–ಬೆಳಗಾವಿ–ಹುಬ್ಬಳ್ಳಿ ಮಾರ್ಗದಂಥ ಡಿವೈಡರ್ ಇರುವ ಹೆದ್ದಾರಿಯಲ್ಲಿ ಬಲಬದಿ ಎಂದರೆ ಡಿವೈಡರ್ ಪಕ್ಕ ಅಲ್ಲ, ಅದು ಎಲ್ಲಕ್ಕಿಂತ ಅಪಾಯದ ಜಾಗ. ಅಲ್ಲಿ ಇಡೀ ಹೆದ್ದಾರಿ ದಾಟಿ ಆಚೆ ಕಡೆಯ ಹೊರ ಅಂಚಿನಲ್ಲಿ ಎದುರು ಬರುವ ವಾಹನಗಳನ್ನು ನೋಡುತ್ತ ನಡೆಯಬೇಕು. ಸರ್ವಿಸ್ ರಸ್ತೆಯಿದ್ದರೆ ಈ ತೊಡಕೇ ಇಲ್ಲ. ಎರಡು ಮೂರು ಕಿ.ಮೀ. ಹೆಚ್ಚಾದರೂ ಹಳೆಯ ಊರೊಳಗಿನ ದಾರಿ ಹಿಡಿಯಬಹುದೇ ಎಂದು ಹಿಂದಿನ ದಿನವೇ ಒಬ್ಬರು ಬೈಕಿನಲ್ಲಿ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು.

ಹೊಳೆಯುವ ಜಾಕೆಟ್ ಬಗ್ಗೆ ಒಂದು ಸ್ಪಷ್ಟನೆ. ಅದನ್ನು ತೊಡಬೇಕಾದವರು ತ್ಯಾಗಿಗಳಲ್ಲ, ಸುತ್ತ ನಡೆಯುವ ನಾವು. ಟ್ರಾಫಿಕ್ ಪೊಲೀಸರು ಹಾಕಿಕೊಳ್ಳುವಂಥ ಆ ಜಾಕೆಟ್ ಹೆಡ್‌ಲೈಟ್ ಬಿದ್ದರೆ 150 ಮೀಟರ್ ದೂರದಿಂದಲೇ ಕಾಣುತ್ತದೆ. ಒಬ್ಬರು ಗುಂಪಿಗಿಂತ 40–50 ಹೆಜ್ಜೆ ಮುಂದೆ, ಒಬ್ಬರು ಅಷ್ಟೇ ಹಿಂದೆ, ಕೈಯಲ್ಲಿ ಕೆಂಪು ಬಾವುಟ, ಮಬ್ಬು ಬೆಳಕಿದ್ದರೆ ಮಿನುಗುವ ದೀಪ. ವಯಸ್ಸಾದ ಸಾಧ್ವಿಯರ ಗಾಲಿಕುರ್ಚಿ ತಳ್ಳುವವರು ಕುರ್ಚಿಯ ಹಿಂಭಾಗಕ್ಕೆ ಹೊಳೆಯುವ ಪಟ್ಟಿ ಅಂಟಿಸಬೇಕು. ಬೆಂಗಾವಲು ವಾಹನ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಅಂಚಿನಲ್ಲಿರಲಿ. ರಸ್ತೆ ಮಧ್ಯೆ ನಿಂತ ಕಾರು ಕಾವಲಾಗುವುದಿಲ್ಲ, ಅದೇ ಇನ್ನೊಂದು ಅಪಘಾತಕ್ಕೆ ಕಾರಣ. ದರ್ಶನಕ್ಕೆಂದು ಕಾರು ನಿಲ್ಲಿಸಿ ರಸ್ತೆಯ ಮೇಲೇ ಪಾದಕ್ಕೆರಗುವುದು, ಐದಾರು ಜನ ಅಡ್ಡಸಾಲಾಗಿ ನಡೆಯುವುದು, ವಿಡಿಯೊ ತೆಗೆಯುತ್ತ ಹಿಂದು ಹಿಂದಕ್ಕೆ ಹೆಜ್ಜೆ ಹಾಕುವುದು ನಿಲ್ಲಬೇಕು. ಭಕ್ತಿ ಮುಕ್ಕಾಮಿನಲ್ಲಿ ತೋರಿಸಿದರಾಯಿತು.

ಹಾದುಹೋಗುವ ಪ್ರತಿ ಠಾಣೆಗೂ ಮುಂಚಿತವಾಗಿ ಪತ್ರ ಕೊಡಿ. ಅವಘಡವಾದರೆ 112 ಅಥವಾ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಗಾಯಾಳುವಿಗೆ ನೆರವಾದವರನ್ನು ಕೇಸಿಗೆ ಎಳೆಯದಂತೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆದರಬೇಕಿಲ್ಲ. 2025ರ ಮೇ ತಿಂಗಳಿನ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ಸಿಗುತ್ತದೆ.

ಕೇಳಲು ಎಲ್ಲರೂ ಹಿಂಜರಿಯುವ ಪ್ರಶ್ನೆಯೊಂದು ಉಳಿದಿದೆ. ವಾಹನವೇರದ ವ್ರತವಿರುವ ತ್ಯಾಗಿಗಳು ಪೆಟ್ಟು ತಿಂದು ಪ್ರಜ್ಞೆ ತಪ್ಪಿದರೆ ಆಂಬುಲೆನ್ಸ್ ಏರಿಸಬೇಕೇ? ಇದಕ್ಕೆ ಉತ್ತರ ಹೇಳಬೇಕಾದವರು ಸಂಘದ ಆಚಾರ್ಯರು, ನಾವಲ್ಲ. ಆದರೆ ವಿಹಾರ ಹೊರಡುವ ಮುನ್ನವೇ ನಮಸ್ಕರಿಸಿ ಕೇಳಿಕೊಳ್ಳಬೇಕಾದವರು ನಾವು. ಅವರ ಮಾತನ್ನು ಬರೆದುಕೊಂಡು, ಜೊತೆಗೆ ನಡೆಯುವ ಇಬ್ಬರ ಬಳಿಯಾದರೂ ಆ ಚೀಟಿ ಇರುವಂತೆ ನೋಡಿಕೊಳ್ಳಿ.